ಕಿರೀಟದ ಕೆಳಗಿನ ಹಲ್ಲು

ನಮ್ಮ ಊರುಗಳಲ್ಲಿ ಯಾರೂ 'ಹಲ್ಲಿಗೆ ಕಿರೀಟ ಹಾಕಿಸಿಕೊಂಡೆ' ಎನ್ನುವುದಿಲ್ಲ. 'ಕ್ಯಾಪ್ ಹಾಕಿಸಿದೆ' ಎನ್ನುತ್ತಾರೆ. ದಂತವೈದ್ಯರ ಪುಸ್ತಕಗಳು ಅದನ್ನೇ 'ಕ್ರೌನ್' ಎಂದು ಕರೆಯುತ್ತವೆ. ಕಿರೀಟವಾದರೇನು, ಟೋಪಿಯಾದರೇನು, ಅದನ್ನು ಧರಿಸುವುದಕ್ಕಾಗಿ ಯಾರೂ ತಲೆಯನ್ನು ಕೆತ್ತಿಸಿಕೊಳ್ಳುವುದಿಲ್ಲ. ಹಲ್ಲಿನ ವಿಷಯ ಹಾಗಲ್ಲ. ಅಲ್ಲಿ ಟೋಪಿ ಕೂರಬೇಕಾದರೆ ಮೊದಲು ತಲೆಯೇ ಸಣ್ಣದಾಗಬೇಕು. ಹಲ್ಲನ್ನು ನಾಲ್ಕೂ ಕಡೆಯಿಂದ, ಮೇಲಿನಿಂದಲೂ ಸವೆಸಿ ಒಂದು ಗೂಟದಂತೆ ಮಾಡಿದ ಮೇಲೆಯೇ ಅದರ ಮೇಲೆ ಕ್ಯಾಪ್ ಕೂರುತ್ತದೆ.

ಎಷ್ಟು ಸವೆಸಬೇಕು? 2002ರಲ್ಲಿ ಎಡೆಲ್‌ಹಾಫ್ ಮತ್ತು ಸೊರೆನ್ಸನ್ ಎಂಬ ಇಬ್ಬರು ಸಂಶೋಧಕರು ಮಾದರಿ ಹಲ್ಲುಗಳನ್ನು ಬೇರೆ ಬೇರೆ ಚಿಕಿತ್ಸೆಗೆ ತಕ್ಕಂತೆ ಕೆತ್ತಿ, ಕೆತ್ತುವ ಮೊದಲು ಮತ್ತು ಅನಂತರ ತೂಗಿ ನೋಡಿದರು. ಮುಂಭಾಗದ ಹಲ್ಲಿಗೆ ಪೂರ್ಣ ಕ್ಯಾಪ್ ಹಾಕಲು ವಸಡಿನ ಮೇಲೆ ಕಾಣುವ ಹಲ್ಲಿನ ಶೇ. 63ರಿಂದ 72ರಷ್ಟು ಭಾಗ ಹೋಗುತ್ತದೆಂದು ಅವರ ಲೆಕ್ಕ ಹೇಳಿತು. ಅದೇ ಹಲ್ಲಿಗೆ ಅಂಟಿಸುವಂಥ ತೆಳು ಹೊದಿಕೆ ಹಾಕಿದರೆ ಹೋಗುವುದು ಶೇ. 3ರಿಂದ 30ರವರೆಗೆ ಮಾತ್ರ. ಹೊರಗಿನಿಂದ ನೋಡಿದರೆ ಎರಡೂ ಹಲ್ಲುಗಳು ಒಂದೇ ರೀತಿ ಹೊಳೆಯುತ್ತವೆ. ಒಳಗೆ ಉಳಿದಿರುವುದು ಎಷ್ಟು ಎಂಬುದರಲ್ಲಿ ಅಜಗಜಾಂತರ.

ಈ ವ್ಯತ್ಯಾಸಕ್ಕೆ ಒಂದು ಇತಿಹಾಸವಿದೆ. ಮನುಷ್ಯ ಹಲ್ಲನ್ನು ಉಳಿಸಲು ಹೊರಟು, ಉಳಿಸುವ ಹೆಸರಿನಲ್ಲೇ ಅದನ್ನು ಕಡಿದು, ಕೊನೆಗೆ ಕಡಿಯದೆ ಉಳಿಸುವ ದಾರಿಯನ್ನು ಹುಡುಕಿಕೊಂಡ ಕತೆ ಅದು. ಆ ಕತೆ ವೈದ್ಯರಿಗಷ್ಟೇ ಅಲ್ಲ, ಬಾಯಿ ತೆರೆದು ಕುರ್ಚಿಯಲ್ಲಿ ಒರಗುವ ನಮಗೂ ಗೊತ್ತಿರಬೇಕು.

ಮರಳಿ ಬಾರದ ಸೊತ್ತು

ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಚರ್ಮ ಸುಲಿದರೆ ಬೆಳೆಯುತ್ತದೆ. ಉಗುರು, ಕೂದಲು ಕತ್ತರಿಸಿದಷ್ಟೂ ಬರುತ್ತವೆ. ಹಲ್ಲಿನ ಹೊರಪದರವಾದ ಎನಾಮಲ್ ಮಾತ್ರ ಹಾಗಲ್ಲ. ಅದು ನಮ್ಮ ದೇಹದ ಅತ್ಯಂತ ಗಟ್ಟಿ ವಸ್ತು. ತೂಕದಲ್ಲಿ ಸುಮಾರು ಶೇ. 96 ಭಾಗ ಖನಿಜ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ವಸಡನ್ನು ಸೀಳಿ ಹೊರಬರುವಷ್ಟರಲ್ಲಿ ತಮ್ಮ ಕೆಲಸ ಮುಗಿಸಿ ಇಲ್ಲವಾಗುತ್ತವೆ. ಮನೆ ಕಟ್ಟಿದ ಮೇಸ್ತ್ರಿ ಊರು ಬಿಟ್ಟು ಹೋದಂತೆ. ಆಮೇಲೆ ಕೆಡವಿದ ಗೋಡೆಯನ್ನು ಮತ್ತೆ ಎಬ್ಬಿಸುವವರಿಲ್ಲ.

ಎನಾಮಲ್ಲಿನ ಒಳಗೆ ಡೆಂಟಿನ್ ಎಂಬ ಪದರ. ಅದರ ತುಂಬ ಕಣ್ಣಿಗೆ ಕಾಣದ ಸಾವಿರಾರು ಸೂಕ್ಷ್ಮ ಕೊಳವೆಗಳು. ಅವು ಹಲ್ಲಿನ ನಡುವಿರುವ ನರ ಮತ್ತು ರಕ್ತನಾಳಗಳ ಕೋಣೆಯ ಕಡೆಗೆ ಹೋಗುತ್ತವೆ. ಎನಾಮಲ್ ತೆಗೆದಾಗ ಈ ಕೊಳವೆಗಳ ಬಾಯಿ ತೆರೆದುಕೊಳ್ಳುತ್ತದೆ. ತಣ್ಣೀರು ಕುಡಿದರೆ 'ಜುಂ' ಎನ್ನುವುದು ಇದರಿಂದಲೇ. ಕೆತ್ತಿದಷ್ಟೂ ನರದ ಕೋಣೆ ಹತ್ತಿರವಾಗುತ್ತದೆ. ಎಳೆಯ ವಯಸ್ಸಿನವರಲ್ಲಿ ಈ ಕೋಣೆ ದೊಡ್ಡದು. ಆದ್ದರಿಂದ ಇಪ್ಪತ್ತರ ಹುಡುಗ ಹುಡುಗಿಯರ ಹಲ್ಲು ಕೆತ್ತುವಾಗ ಅಪಾಯವೂ ದೊಡ್ಡದು.

ಕುರ್ತುಬಾದ ಎಚ್ಚರಿಕೆ

ಹಲ್ಲನ್ನು ಕಳೆದುಕೊಳ್ಳುವ ಮುನ್ನ ಯೋಚಿಸಬೇಕು ಎಂಬ ಮಾತು ಹೊಸದೇನಲ್ಲ. ಹತ್ತನೆಯ ಶತಮಾನದ ಸ್ಪೇನಿನಲ್ಲಿ, ಕುರ್ತುಬಾ ನಗರದ ಪಕ್ಕದ ಅಲ್ ಝಹ್ರಾದಲ್ಲಿ ಅಬುಲ್ ಕಾಸಿಮ್ ಅಲ್ ಝಹ್ರಾವಿ ಎಂಬ ಶಸ್ತ್ರವೈದ್ಯರಿದ್ದರು. ಕ್ರಿ.ಶ. 936ರ ಸುಮಾರಿಗೆ ಹುಟ್ಟಿ 1013ರ ಸುಮಾರಿಗೆ ತೀರಿಕೊಂಡವರು. ಅವರ 'ಕಿತಾಬುತ್ತಸ್ರೀಫ್' ಮೂವತ್ತು ಭಾಗಗಳ ವೈದ್ಯಕೋಶ. ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಉಪಕರಣಗಳ ಚಿತ್ರಗಳೂ ಇವೆ. ಹಲ್ಲಿನ ಮೇಲೆ ಗಟ್ಟಿಯಾಗಿ ಕೂತ ಕೊಳೆಯನ್ನು ಕೆರೆದು ತೆಗೆಯುವ ಬೇರೆ ಬೇರೆ ಆಕಾರದ ಸಾಧನಗಳನ್ನು ಅವರು ಬರೆದು ತೋರಿಸಿದ್ದಾರೆ.

ಹಲ್ಲುನೋವಿಗೆ ಇರುವ ಎಲ್ಲ ಉಪಾಯಗಳನ್ನೂ ಮಾಡಿ ನೋಡದೆ ಕೀಳಲು ಅವಸರಪಡಬಾರದೆಂದು ಅವರು ತಮ್ಮ ಶಿಷ್ಯರಿಗೆ ತಿಳಿಸಿದರು. ಕಿತ್ತ ಹಲ್ಲಿನ ಜಾಗ ತುಂಬಲು ಅದಕ್ಕೆ ಸಮನಾದದ್ದು ಬೇರೊಂದಿಲ್ಲ ಎಂಬುದು ಅವರ ಕಾರಣ. ನೋವಿನಲ್ಲಿರುವವನಿಗೆ ಯಾವ ಹಲ್ಲು ನೋಯುತ್ತಿದೆ ಎಂಬುದೇ ತಿಳಿಯದೆ ಒಳ್ಳೆಯ ಹಲ್ಲನ್ನು ತೋರಿಸಿಬಿಡುತ್ತಾನೆ, ಅರಿಯದ ಕ್ಷೌರಿಕ ಅದನ್ನೇ ಕೀಳುತ್ತಾನೆ ಎಂದೂ ಅವರು ಎಚ್ಚರಿಸಿದರು. ಅಲುಗುವ ಹಲ್ಲುಗಳನ್ನು ಪಕ್ಕದ ಗಟ್ಟಿ ಹಲ್ಲುಗಳಿಗೆ ಚಿನ್ನದ ತಂತಿಯಿಂದ ಹೆಣೆದು ನಿಲ್ಲಿಸುವ ಕ್ರಮವನ್ನು ವಿವರಿಸಿದರು. ಬೆಳ್ಳಿ ಕೆಲವೇ ದಿನಗಳಲ್ಲಿ ಹಸಿರುಗಟ್ಟಿ ಕೆಡುವುದರಿಂದ ಚಿನ್ನವೇ ಮೇಲು ಎಂದರು. ಬಿದ್ದ ಹಲ್ಲಿಗೆ ಬದಲಾಗಿ ಎತ್ತಿನ ಮೂಳೆಯಲ್ಲಿ ಕೆತ್ತಿದ ಹಲ್ಲನ್ನು ಕಟ್ಟುವ ಮಾತೂ ಅಲ್ಲಿದೆ. ಇಷ್ಟೆಲ್ಲದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ತಂತಿ ಕಟ್ಟಲು ಪಕ್ಕದ ಗಟ್ಟಿ ಹಲ್ಲನ್ನು ಸವೆಸಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕ್ರೆಮೋನಾದ ಗೆರಾರ್ಡ್ ಈ ಭಾಗವನ್ನು ಲ್ಯಾಟಿನ್ನಿಗೆ ತಂದ ಮೇಲೆ ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಇದನ್ನು ಓದಿದರು.

ಮೊಳೆಯಿಂದ ಗೋರಿಯವರೆಗೆ

ಇಂದಿನ ಅರ್ಥದ ಕ್ಯಾಪ್ ಹುಟ್ಟಿದ್ದು ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ. ಪ್ಯಾರಿಸಿನ ಪಿಯೆರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳ ಗ್ರಂಥದಲ್ಲಿ, ಉಳಿದ ಬೇರಿನೊಳಗೆ ಚಿನ್ನ ಅಥವಾ ಬೆಳ್ಳಿಯ ಮೊಳೆ ಕೂರಿಸಿ ಅದರ ಮೇಲೆ ಕೃತಕ ಹಲ್ಲನ್ನು ನಿಲ್ಲಿಸುವ ಕ್ರಮವಿದೆ. 1746ರಲ್ಲಿ ಕ್ಲೋದ್ ಮೂಟೊ ಹಲ್ಲಿಗೆ ಚಿನ್ನದ ಹೊದಿಕೆ ಹಾಕುವುದನ್ನು ವಿವರಿಸಿದರು.

ಮೊಳೆಯ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದಾಗ ಒಂದು ವಿಚಿತ್ರ ನಡೆಯಿತು. ಮುಂಭಾಗದ ಹಲ್ಲು ಅರ್ಧ ಹುಳುಕಾಗಿದ್ದರೆ, ಚೆನ್ನಾಗಿದ್ದ ಉಳಿದರ್ಧವನ್ನೂ ವಸಡಿನ ಮಟ್ಟಕ್ಕೆ ಕತ್ತರಿಸಿ ಹಾಕುತ್ತಿದ್ದರು. ಯಾಕೆಂದರೆ ಮೊಳೆಯ ಹಲ್ಲು ಕೂರಲು ಸಮತಟ್ಟಾದ ಬೇರು ಬೇಕಿತ್ತು. ಅಂಗಿಯ ತೋಳು ಹರಿದರೆ ಅಂಗಿಯನ್ನೇ ಕತ್ತರಿಸಿದ ಹಾಗೆ. ವೈದ್ಯರಲ್ಲಿ ಕರುಣೆ ಇರಲಿಲ್ಲವೆಂದಲ್ಲ. ಅವರ ಕೈಯಲ್ಲಿದ್ದ ಸಾಮಗ್ರಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಅಷ್ಟರಲ್ಲಿ ಯಂತ್ರ ಬಂತು. 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಕಾಲಿನಿಂದ ತುಳಿದು ತಿರುಗಿಸುವ ಡ್ರಿಲ್ಲಿಗೆ ಪೇಟೆಂಟ್ ಪಡೆದರು. ನಮ್ಮ ದರ್ಜಿಯ ಹೊಲಿಗೆಯಂತ್ರದ ತುಳಿಪಟ್ಟಿಯನ್ನು ನೆನಪಿಸಿಕೊಂಡರೆ ಸಾಕು. 1875ರಲ್ಲಿ ಜಾರ್ಜ್ ಗ್ರೀನ್ ಅವರ ವಿದ್ಯುತ್ ಡ್ರಿಲ್ಲೂ ಬಂತು. ಅಲ್ಲಿಯವರೆಗೆ ಎನಾಮಲ್ಲಿನ ಗಟ್ಟಿತನವೇ ಹಲ್ಲಿಗೆ ಕಾವಲಾಗಿತ್ತು. ಕೈಯಿಂದ ಕೆರೆದು ಕೆರೆದು ಎಷ್ಟು ತಾನೇ ತೆಗೆದಾರು? ಯಂತ್ರದ ಮುಂದೆ ಆ ಕಾವಲು ಬಿತ್ತು.

ಜೊತೆಗೆ ಚಿನ್ನದ ಕ್ಯಾಪ್ ಅಂತಸ್ತಿನ ಗುರುತೂ ಆಯಿತು. ಕೊಳೆತ ಬೇರುಗಳನ್ನು ಸರಿಯಾಗಿ ಶುಚಿ ಮಾಡದೆ ಮೇಲೆ ಚಿನ್ನ ಮುಚ್ಚುವ ಕೆಲಸ ಬಹಳ ನಡೆಯಿತು. 1910ರಲ್ಲಿ ಬ್ರಿಟನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣದಲ್ಲಿ ಇಂಥ ಕೆಲಸವನ್ನು ಕೀವಿನ ಮೇಲೆ ಕಟ್ಟಿದ ಚಿನ್ನದ ಗೋರಿಗೆ ಹೋಲಿಸಿದರು. ಅವರ ಟೀಕೆಯಲ್ಲಿ ಸತ್ಯವಿತ್ತು. ಆದರೆ ಪರಿಣಾಮ ವಿಪರೀತವಾಯಿತು. ದೇಹದ ನಾನಾ ರೋಗಗಳಿಗೆ ಹಲ್ಲೇ ಮೂಲವೆಂಬ ಭಯ ಹಬ್ಬಿ, ಮುಂದಿನ ಎರಡು ಮೂರು ದಶಕ ಉಳಿಸಬಹುದಾಗಿದ್ದ ಲೆಕ್ಕವಿಲ್ಲದಷ್ಟು ಹಲ್ಲುಗಳನ್ನು ಕಿತ್ತು ಹಾಕಲಾಯಿತು. ಕೆಟ್ಟ ಕೆಲಸಕ್ಕೆ ಸಿಟ್ಟಾಗಿ ಒಳ್ಳೆಯ ಹಲ್ಲಿಗೆ ಶಿಕ್ಷೆ.

ಲೋಟದ ಮೇಲೆ ಲೋಟ

ಹಲ್ಲನ್ನು ಸುತ್ತಲೂ ಸವೆಸಲೇಬೇಕೆಂಬ ನಿಯಮ ಎಲ್ಲಿಂದ ಬಂತು? ಉತ್ತರ ಸಿಮೆಂಟಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಬಹುಕಾಲ ಕ್ಯಾಪ್ ಕೂರಿಸಲು ಬಳಸಿದ್ದು ಜಿಂಕ್ ಫಾಸ್ಫೇಟ್ ಸಿಮೆಂಟ್. ಅದು ಹಲ್ಲಿಗೆ ಅಂಟುವುದಿಲ್ಲ. ಹಲ್ಲಿಗೂ ಕ್ಯಾಪಿಗೂ ನಡುವಿನ ಸಂದನ್ನು ತುಂಬುತ್ತದೆ, ಅಷ್ಟೆ. ಹಾಗಾದರೆ ಕ್ಯಾಪ್ ಬೀಳದಂತೆ ಹಿಡಿಯುವುದು ಯಾವುದು? ಆಕಾರ. ಒಂದರ ಮೇಲೊಂದು ಬೋರಲು ಹಾಕಿದ ಸ್ಟೀಲ್ ಲೋಟಗಳು ಬಿಗಿಯಾಗಿ ಕಚ್ಚಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಗೋಡೆಗಳು ಉದ್ದವಾಗಿ, ನೆಟ್ಟಗೆ ಇದ್ದಷ್ಟೂ ಹಿಡಿತ ಜಾಸ್ತಿ. ಅಗಲ ಬಾಯಿಯ ಬಟ್ಟಲುಗಳು ಹಾಗೆ ಕಚ್ಚುವುದಿಲ್ಲ. ಹಲ್ಲು ಹುಟ್ಟಿನಿಂದ ಲೋಟದ ಆಕಾರದಲ್ಲಿಲ್ಲ. ಅದರ ಹೊಟ್ಟೆ ಉಬ್ಬಿದೆ, ವಸಡಿನ ಬಳಿ ಕಿರಿದಾಗಿದೆ. ಅದನ್ನು ಲೋಟ ಮಾಡಬೇಕಾದರೆ ಉಬ್ಬನ್ನೆಲ್ಲ ತೆಗೆಯಲೇಬೇಕು. ಸಿಮೆಂಟಿನ ದೌರ್ಬಲ್ಯಕ್ಕೆ ಹಲ್ಲು ದಂಡ ತೆತ್ತಿತು.

ಆಗಲೂ ಮಿತವಾಗಿ ಕೆತ್ತುವವರಿದ್ದರು. 1907ರಲ್ಲಿ ವಿಲಿಯಂ ಟ್ಯಾಗರ್ಟ್ ಮೇಣದ ಅಚ್ಚಿನಿಂದ ಚಿನ್ನವನ್ನು ಎರಕ ಹೊಯ್ಯುವ ಕ್ರಮವನ್ನು ದಂತವೈದ್ಯಕ್ಕೆ ತಂದ ಮೇಲೆ ತೆಳುವಾದ, ಕರಾರುವಾಕ್ಕಾದ ಹೊದಿಕೆಗಳು ಸಾಧ್ಯವಾದವು. ಚಿನ್ನ ಅರ್ಧದಿಂದ ಒಂದು ಮಿ.ಮೀ. ದಪ್ಪವಿದ್ದರೂ ತಾಳುತ್ತದೆ. ಹೊರಗೆ ಕಾಣುವ ಮುಖವನ್ನು ಮುಟ್ಟದೆ ಉಳಿದ ಕಡೆಗಷ್ಟೇ ಚಿನ್ನ ಹೊದಿಸುವ 'ಮುಕ್ಕಾಲು ಕ್ಯಾಪ್' ಬಳಕೆಗೆ ಬಂತು. ನಮ್ಮ ಅಜ್ಜಂದಿರ ಕಾಲದ ಚಿನ್ನದ ಹಲ್ಲನ್ನು ಇಂದು ನೋಡಿ ನಗುವವರಿದ್ದಾರೆ. ಹಲ್ಲು ಉಳಿಸುವ ದೃಷ್ಟಿಯಿಂದ ನೋಡಿದರೆ, ಚೆನ್ನಾಗಿ ಎರಕ ಹೊಯ್ದ ಚಿನ್ನ ಇಂದಿನ ಎಷ್ಟೋ ಬಿಳಿ ಕ್ಯಾಪುಗಳಿಗಿಂತ ಮರ್ಯಾದಸ್ಥ ಅತಿಥಿ.

ಬಿಳುಪಿನ ಬೆಲೆ ಹೆಚ್ಚು. 1889ರಲ್ಲಿ ಡೆಟ್ರಾಯಿಟ್‌ನ ಚಾರ್ಲ್ಸ್ ಲ್ಯಾಂಡ್ ಪಿಂಗಾಣಿಯ ಕ್ಯಾಪಿಗೆ ಪೇಟೆಂಟ್ ಪಡೆದರು. ಅದು ಚೆಂದವಿತ್ತು, ಆದರೆ ಸುಲಭವಾಗಿ ಒಡೆಯುತ್ತಿತ್ತು. 1960ರ ದಶಕದಲ್ಲಿ ಲೋಹದ ಮೇಲೆ ಪಿಂಗಾಣಿ ಬೆಸೆಯುವ ವಿದ್ಯೆ ಕೈಗೂಡಿತು. ಲೋಹಕ್ಕೊಂದು ದಪ್ಪ, ಅದನ್ನು ಮರೆಮಾಚಿ ಹಲ್ಲಿನ ಬಣ್ಣ ತೋರಿಸುವ ಪಿಂಗಾಣಿಗೊಂದು ದಪ್ಪ. ಎರಡೂ ಸೇರಿ ಮುಂಭಾಗದಲ್ಲಿ ಸುಮಾರು 1.2ರಿಂದ 1.5 ಮಿ.ಮೀ., ಅಗಿಯುವ ಮೇಲ್ಭಾಗದಲ್ಲಿ 2 ಮಿ.ಮೀ.ವರೆಗೆ ಜಾಗ ಬೇಕು. ಆ ಜಾಗವನ್ನು ಹಲ್ಲೇ ಬಿಟ್ಟುಕೊಡಬೇಕು. ವಿಜ್ಞಾನ ಮುಂದೆ ಹೋದಷ್ಟೂ ಹಲ್ಲು ಸಣ್ಣದಾಗುತ್ತ ಹೋಯಿತು.

ಇದೇ ಹೊತ್ತಿಗೆ, 1957ರಲ್ಲಿ, ಗಾಳಿಯ ಒತ್ತಡದಿಂದ ನಿಮಿಷಕ್ಕೆ ಲಕ್ಷಾಂತರ ಸುತ್ತು ತಿರುಗುವ ಏರೋಟರ್ ಮಾರುಕಟ್ಟೆಗೆ ಬಂತು. ಬೆಣ್ಣೆಯಂತೆ ಎನಾಮಲ್ ಕತ್ತರಿಸತೊಡಗಿತು. ಅದರ ಬಿಸಿಯ ಬಗ್ಗೆ 1965ರಲ್ಲಿ ಝಾಕ್ ಮತ್ತು ಕೋಹೆನ್ ಕೋತಿಗಳ ಹಲ್ಲಿನ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ. ನರದ ಕೋಣೆಯ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಶೇ. 15ರಷ್ಟು ಹಲ್ಲುಗಳ ಜೀವ ಚೇತರಿಸಿಕೊಳ್ಳಲಿಲ್ಲ. ಡ್ರಿಲ್ ಮಾಡುವಾಗ ಬಾಯೊಳಗೆ ನೀರು ಚಿಮ್ಮಿಸುವುದು ರೋಗಿಗೆ ಕಿರಿಕಿರಿ ಮಾಡಲೆಂದಲ್ಲ.

ನೀರು ಹಾಕಿ ಜಾಗ್ರತೆಯಿಂದ ಮಾಡಿದರೂ ನಷ್ಟ ಪೂರ್ತಿ ತಪ್ಪುವುದಿಲ್ಲ. ಸ್ಕಾಟ್ಲೆಂಡಿನಲ್ಲಿ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕ್ಯಾಪ್ ಹಾಕುವಾಗ ನರ ಜೀವಂತವಾಗಿದ್ದ ಹಲ್ಲುಗಳ ಪೈಕಿ ಶೇ. 19ರಷ್ಟರ ಬೇರಿನ ತುದಿಯಲ್ಲಿ ಅನಂತರ ರೋಗದ ಗುರುತು ಎಕ್ಸ್‌ರೇಯಲ್ಲಿ ಕಂಡಿತು. ಐದರಲ್ಲಿ ಸುಮಾರು ಒಂದು. ನೋವಿಲ್ಲದ ಹಲ್ಲಿಗೆ ಚೆಂದಕ್ಕಾಗಿ ಕ್ಯಾಪ್ ಹಾಕಿಸುವವರು ಈ ಲೆಕ್ಕವನ್ನು ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಅಂಟು ಬಂದ ಮೇಲೆ

ತಿರುವು ಬಂದದ್ದು ಬಣ್ಣದ ಕಾರ್ಖಾನೆಯ ಕಡೆಯಿಂದ. ಲೋಹಕ್ಕೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಫಾಸ್ಫಾರಿಕ್ ಆಮ್ಲ ಹಚ್ಚುವುದನ್ನು ಗಮನಿಸಿದ ಅಮೆರಿಕದ ಮೈಕೆಲ್ ಬುವನಕೋರ್, ಅದೇ ಆಮ್ಲವನ್ನು ಹಲ್ಲಿಗೂ ಹಚ್ಚಿ ನೋಡಿದರು. 1955ರಲ್ಲಿ ಅವರು ಪ್ರಕಟಿಸಿದ ಚಿಕ್ಕ ಲೇಖನದ ಸಾರ ಇಷ್ಟೆ: ಎನಾಮಲ್ಲಿಗೆ ಮೂವತ್ತು ಸೆಕೆಂಡು ಆಮ್ಲ ತಾಗಿಸಿ ತೊಳೆದರೆ ಅದರ ಮೇಲ್ಮೈ ಸೂಕ್ಷ್ಮವಾಗಿ ಒರಟಾಗುತ್ತದೆ, ಅಂಟು ಆ ಸಂದುಗೊಂದುಗಳಲ್ಲಿ ಇಳಿದು ಗಟ್ಟಿಯಾಗಿ ಹಿಡಿಯುತ್ತದೆ. 1962ರಲ್ಲಿ ರಾಫೆಲ್ ಬೋವೆನ್ ಅವರ ಹೊಸ ರಾಳ ಬಂತು. 1982ರಲ್ಲಿ ಜಪಾನಿನ ನಕಾಬಯಾಶಿ, ಡೆಂಟಿನ್ ಜೊತೆ ರಾಳ ಬೆರೆತು ಆಗುವ ಪದರವನ್ನು ವಿವರಿಸಿದರು. ಅದರ ಮರುವರ್ಷ, ಆಮ್ಲದಿಂದ ಒರಟಾಗಿಸಿದ ಪಿಂಗಾಣಿಯನ್ನೂ ಹಲ್ಲಿಗೆ ಅಂಟಿಸಬಹುದೆಂದು ಸೈಮನ್ಸನ್ ಮತ್ತು ಕಲಾಮಿಯಾ ತೋರಿಸಿದರು.

ಇದಕ್ಕೂ ಮುಂಚೆ, 1930ರ ದಶಕದಲ್ಲಿ, ಹಾಲಿವುಡ್ಡಿನ ದಂತವೈದ್ಯ ಚಾರ್ಲ್ಸ್ ಪಿಂಕಸ್ ನಟನಟಿಯರ ಹಲ್ಲಿನ ಮುಂದೆ ತೆಳು ಹೊದಿಕೆಗಳನ್ನು ಶೂಟಿಂಗ್ ಮುಗಿಯುವವರೆಗೆ ಅಂಟಿಸುತ್ತಿದ್ದರು. ಹಲ್ಲನ್ನು ಕೆತ್ತುತ್ತಿರಲಿಲ್ಲ, ಆದರೆ ಅಂಟು ಉಳಿಯುತ್ತಲೂ ಇರಲಿಲ್ಲ. ಐವತ್ತು ವರ್ಷಗಳ ಅನಂತರ ಅದೇ ಹೊದಿಕೆಗೆ ನಿಜವಾದ ಅಂಟು ಸಿಕ್ಕಿತು.

ಅಂಟು ಸಿಕ್ಕಿದ ಮೇಲೆ ಲೋಟದ ಆಕಾರದ ಕಡ್ಡಾಯ ಸಡಿಲವಾಯಿತು. ಮುರಿದ ಮೂಲೆಯನ್ನಷ್ಟೇ ಮುಚ್ಚುವ, ಅಗಿಯುವ ಭಾಗವನ್ನಷ್ಟೇ ಹೊದಿಸುವ ಅರೆ ಕ್ಯಾಪುಗಳು ಬಂದವು. ದಂತವೈದ್ಯರು ಅದಕ್ಕೆ 'ಆನ್‌ಲೇ' ಎನ್ನುತ್ತಾರೆ. ಗಟ್ಟಿಯಾದ ಝಿರ್ಕೋನಿಯಾ ಬಂದ ಮೇಲೆ ಪೂರ್ಣ ಕ್ಯಾಪಿಗೂ ಹಿಂದಿನಷ್ಟು ಕೆತ್ತಬೇಕಾಗಿಲ್ಲ. ಒಂದು ಷರತ್ತು ಮಾತ್ರ ಉಳಿದಿದೆ. ಅಂಟು ಡೆಂಟಿನ್ನಿಗಿಂತ ಎನಾಮಲ್ಲಿಗೇ ಹೆಚ್ಚು ಭರವಸೆಯಿಂದ ಹಿಡಿಯುತ್ತದೆ. ಎನಾಮಲ್ ಉಳಿಸಿದವನಿಗೇ ಅಂಟಿನ ಪೂರ್ಣ ಫಲ.

ರೂಟ್ ಕೆನಾಲ್ ಆದ ಹಲ್ಲಿನ ಬಗೆಗಿನ ತಿಳಿವಳಿಕೆಯೂ ಬದಲಾಯಿತು. ಒಳಗೆ ಲೋಹದ ಮೊಳೆ ಹೊಡೆದರೆ ಹಲ್ಲು ಬಲವಾಗುತ್ತದೆ ಎಂದು ಹಿಂದೆ ನಂಬಿದ್ದರು. ಮೊಳೆ ಮೇಲಿನ ತುಂಬುವಿಕೆಯನ್ನು ಹಿಡಿಯುತ್ತದೆಯೇ ಹೊರತು ಬೇರಿಗೆ ಬಲ ಕೊಡುವುದಿಲ್ಲ. ಅದಕ್ಕಾಗಿ ಬೇರನ್ನು ಅಗಲಿಸಿದರೆ ಬೇರು ಸೀಳುವ ಭಯವೇ ಹೆಚ್ಚು. ಬಲ ಕೊಡುವುದು ವಸಡಿನ ಮೇಲೆ ಸುತ್ತಲೂ ಉಳಿದಿರುವ ಒಂದೂವರೆಯಿಂದ ಎರಡು ಮಿ.ಮೀ. ಸ್ವಂತ ಹಲ್ಲು. ಎತ್ತಿನಗಾಡಿಯ ಚಕ್ರವನ್ನು ಕಬ್ಬಿಣದ ಪಟ್ಟಿ ಹಿಡಿದಿಡುವಂತೆ ಕ್ಯಾಪಿನ ಅಂಚು ಆ ಭಾಗವನ್ನು ಅಪ್ಪಿ ಹಿಡಿಯುತ್ತದೆ. ಪಟ್ಟಿ ಎಷ್ಟೇ ಗಟ್ಟಿಯಿರಲಿ, ಒಳಗೆ ಮರವಿಲ್ಲದಿದ್ದರೆ ಯಾವುದನ್ನು ಹಿಡಿದೀತು?

ನಮ್ಮ ಪಾಲಿಗೆ

ಈ ವಿದ್ಯೆ ನಮ್ಮ ದೇಶದಲ್ಲಿ ಬೇರೂರಿದ್ದು ಒಬ್ಬ ಹಟವಾದಿಯಿಂದ. ಪೂರ್ವ ಬಂಗಾಳದಲ್ಲಿ 1890ರಲ್ಲಿ ಹುಟ್ಟಿದ ಡಾ. ರಫಿಉದ್ದೀನ್ ಅಹ್ಮದ್, ಅಲಿಗಢದಲ್ಲಿ ಓದಿ, ಅಮೆರಿಕದ ಅಯೋವಾದಲ್ಲಿ 1915ರಲ್ಲಿ ದಂತವೈದ್ಯ ಪದವಿ ಪಡೆದು, ಬಾಸ್ಟನ್ನಿನ ಮಕ್ಕಳ ದಂತ ಆಸ್ಪತ್ರೆಯಲ್ಲಿ ದುಡಿದು ಹಿಂದಿರುಗಿದರು. 1920ರಲ್ಲಿ ಕಲ್ಕತ್ತೆಯಲ್ಲಿ ಭಾರತದ ಮೊದಲ ದಂತವೈದ್ಯ ಕಾಲೇಜನ್ನು ತೆರೆದರು. ಅದರ ಖರ್ಚಿಗೆ ಅವರು ನಡೆಸುತ್ತಿದ್ದ ಐಸ್‌ಕ್ರೀಂ ಅಂಗಡಿಯ ಆದಾಯ ಒದಗಿತು. 1928ರಲ್ಲಿ ವಿದ್ಯಾರ್ಥಿಗಳಿಗಾಗಿ ಹಲ್ಲಿನ ದುರಸ್ತಿ ವಿದ್ಯೆಯ ಕೈಪಿಡಿ ಬರೆದರು. 1964ರಲ್ಲಿ ಪದ್ಮಭೂಷಣ ಬಂತು, ಮರುವರ್ಷ ತೀರಿಕೊಂಡರು. ಸಕ್ಕರೆ ಮಾರಿ ಬಂದ ಹಣದಲ್ಲಿ ಹಲ್ಲಿನ ಕಾಲೇಜು ನಡೆಸಿದರೆಂದು ನಗಬಹುದು. ಕಿತ್ತೆಸೆಯುವುದೇ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಉಳಿಸುವುದನ್ನು ಕಲಿಸಲು ಶಾಲೆ ಬೇಕೆಂದು ಅವರಿಗೆ ತೋಚಿತ್ತು ಎಂಬುದು ಮುಖ್ಯ. ಇಂದು ಕರ್ನಾಟಕವೊಂದರಲ್ಲೇ 40ಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ. ಅಲ್ಲಿ ಬಹುಕಾಲದಿಂದ ಓದಿಸುವ ಶಿಲ್ಲಿಂಗ್‌ಬರ್ಗರ ಪಠ್ಯಪುಸ್ತಕ ಕ್ಯಾಪಿಗೆ ಹಲ್ಲು ಕೆತ್ತುವ ತತ್ವಗಳನ್ನು ಪಟ್ಟಿ ಮಾಡುವಾಗ ಮೊದಲು ಹೇಳುವುದೇ ಹಲ್ಲಿನ ಭಾಗವನ್ನು ಉಳಿಸುವುದನ್ನು.

ತತ್ವ ಪುಸ್ತಕದಲ್ಲಿದೆ, ಪೇಟೆಯಲ್ಲಿ ಬೇರೆ ಗಾಳಿ. ಕಳೆದ ಕೆಲವು ವರ್ಷಗಳಲ್ಲಿ ಬ್ರಿಟನ್ನಿನ ಯುವಜನರು ಅಗ್ಗದ ದರಕ್ಕೆ ಟರ್ಕಿಗೆ ಹೋಗಿ, ರೋಗವಿಲ್ಲದ ಹಲ್ಲುಗಳನ್ನು ಸಾಲಾಗಿ ಗೂಟ ಮಾಡಿಸಿಕೊಂಡು ಬಿಳಿ ಕ್ಯಾಪ್ ಹಾಕಿಸಿಕೊಂಡು ಬರುವುದು ಅಲ್ಲಿನ ದಂತವೈದ್ಯರ ಸಂಘಕ್ಕೆ ತಲೆನೋವಾಗಿದೆ. ನಮ್ಮ ನಗರಗಳಲ್ಲೂ ಮದುವೆಗೆ ಮುಂಚೆ ನಗು ತಿದ್ದಿಸುವ ಜಾಹೀರಾತುಗಳಿಗೆ ಕೊರತೆಯಿಲ್ಲ. ಕ್ಯಾಪಿಗೆ ಆಯುಷ್ಯವಿದೆ. ಅದನ್ನು ಬದಲಿಸುವಾಗಲೆಲ್ಲ ಇನ್ನಷ್ಟು ಹಲ್ಲು ಹೋಗುತ್ತದೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ ಹಾಕಿಸಿಕೊಂಡವರು ಅರವತ್ತಕ್ಕೆ ಮುಟ್ಟುವ ಹೊತ್ತಿಗೆ ಅಡಿಯಲ್ಲಿ ಏನು ಉಳಿದಿರುತ್ತದೆ? 'ಕಡಲೆ ಇದ್ದಾಗ ಹಲ್ಲಿಲ್ಲ' ಎಂಬ ಗಾದೆಯನ್ನು ನಾವೇ ದುಡ್ಡು ಕೊಟ್ಟು ಕೊಂಡಂತೆ.

ಹಾಗೆಂದು ಕ್ಯಾಪೇ ಕೆಟ್ಟದ್ದಲ್ಲ. ರೂಟ್ ಕೆನಾಲ್ ಆಗಿ ಗೋಡೆಗಳು ತೆಳುವಾದ ದವಡೆ ಹಲ್ಲಿನ ಅಗಿಯುವ ಭಾಗವನ್ನು ಮುಚ್ಚದೆ ಬಿಟ್ಟರೆ ಅದು ಸೀಳಿ ಹೋಗಬಹುದು. ಅಲ್ಲಿ ಹೊದಿಕೆಯೇ ರಕ್ಷಣೆ. ಆದರೆ ಚಿಕ್ಕ ರಂಧ್ರದಿಂದ ಚಿಕಿತ್ಸೆ ಮಾಡಿದ ಮುಂಭಾಗದ ಹಲ್ಲಿಗೆ ಎಷ್ಟೋ ವೇಳೆ ತುಂಬುವಿಕೆಯೇ ಸಾಕು. ಮಕ್ಕಳ ಹಾಲುಹಲ್ಲಿನ ಕತೆ ಇನ್ನೂ ಸ್ವಾರಸ್ಯದ್ದು. ಸ್ಕಾಟ್ಲೆಂಡಿನ ನಾರ್ನಾ ಹಾಲ್ ಎಂಬ ವೈದ್ಯೆ ಹುಳುಕು ದವಡೆ ಹಲ್ಲಿನ ಮೇಲೆ, ಚುಚ್ಚುಮದ್ದಿಲ್ಲದೆ, ಡ್ರಿಲ್ಲಿಲ್ಲದೆ, ಸಿದ್ಧ ಸ್ಟೀಲ್ ಕ್ಯಾಪನ್ನು ಸಿಮೆಂಟಿನೊಂದಿಗೆ ಒತ್ತಿ ಕೂರಿಸುತ್ತಿದ್ದರು. 2006ರಿಂದ ಪ್ರಕಟವಾದ ಅಧ್ಯಯನಗಳು ಅವರ ಕ್ರಮ ಸಫಲವೆಂದು ತೋರಿಸಿದವು. ಒಳಗೆ ಮುಚ್ಚಿಹೋದ ಹುಳುಕಿಗೆ ಆಹಾರ ಸಿಗದೆ ಅದು ನಿಲ್ಲುತ್ತದೆ. ಕೆತ್ತಲೇಬೇಕೆಂಬ ಶತಮಾನಗಳ ನಂಬಿಕೆಗೆ ಇದಕ್ಕಿಂತ ಸರಳ ಉತ್ತರ ಬೇಕೇ?

ಆದ್ದರಿಂದ ಕುರ್ಚಿಯಲ್ಲಿ ಒರಗುವ ಮುನ್ನ ನಾವು ಕೆಲವನ್ನು ಕೇಳಬೇಕು. ಈ ಹಲ್ಲಿಗೆ ಪೂರ್ಣ ಕ್ಯಾಪ್ ಬೇಕೇ, ಅರೆ ಹೊದಿಕೆ ಸಾಕೇ? ಎಷ್ಟು ಕೆತ್ತುತ್ತೀರಿ? ಎನಾಮಲ್ ಉಳಿಯುತ್ತದೆಯೇ? ಬಿದ್ದ ಒಂದು ಹಲ್ಲಿಗೆ ಸೇತುವೆ ಕಟ್ಟಲು ಪಕ್ಕದ ಎರಡು ಒಳ್ಳೆಯ ಹಲ್ಲನ್ನು ಸವೆಸದೆ ಬೇರೆ ದಾರಿ ಇದೆಯೇ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ತಮ್ಮ ವಿದ್ಯೆಯ ಮೊದಲ ಪಾಠವನ್ನು ರೋಗಿಯೂ ಬಲ್ಲನೆಂದು ಅವರಿಗೆ ಸಂತೋಷವೇ ಆಗುತ್ತದೆ.

ಉರ್ದುವಿನಲ್ಲಿ 'ಅಮಾನತ್' ಎಂಬ ಮಾತಿದೆ. ಒಬ್ಬರು ನಂಬಿ ಇನ್ನೊಬ್ಬರ ಕೈಯಲ್ಲಿ ಇಟ್ಟುಹೋದ ಸೊತ್ತು ಎಂದರ್ಥ. ಅದನ್ನು ಮುಟ್ಟದೆ, ಕಡಿಮೆ ಮಾಡದೆ ಹಿಂದಿರುಗಿಸಬೇಕೆಂಬುದು ಅದರ ನಿಯಮ. ಮುಟ್ಟದೆ ಇರಲು ವೈದ್ಯರಿಗೆ ಸಾಧ್ಯವಿಲ್ಲ. ಕಡಿಮೆ ಮುಟ್ಟಲು ಈಗ ಸಾಧ್ಯವಿದೆ. ಮೇಸ್ತ್ರಿ ಊರು ಬಿಟ್ಟ ಮನೆಯಲ್ಲಿ ಒಂದೊಂದು ಇಟ್ಟಿಗೆಯೂ ಲೆಕ್ಕಕ್ಕೆ ಬರುತ್ತದೆ.